ಗಾಳೆಪ್ಪನ ಫ್ರೆಂಚ್ ನಾಷ್ಟಾ

ಹುಲಿಗೆಮ್ಮನಿಗೆ ಒಬ್ಬನೇ ಮಗ, ಗಾಳೆಪ್ಪ. ಆಳು ನೋಡಿದರೆ ಬಾಗಿಲು ತುಂಬ ಇದ್ದಾನೆ. ಮೀಸೆ ನೋಡಿದರೆ ಥೇಟ್ ಫೌಜುದಾರ. ಯಾವ ಕೆಲಸ ಹೇಳಿದರೂ ಇಲ್ಲ ಅನ್ನುವವನಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ. ಸಂಕಟ ಇರುವುದೇ ಅಲ್ಲಿ! ಸಂಕಟ ಅವನಿಗಲ್ಲ, ಅವ್ವನಿಗೆ. ಅವನಿಗೇನು? ನನ್ನಂಥ ಜಾಣ ಸುತ್ತ ಏಳೂರಲ್ಲಿ ಇಲ್ಲ ಅಂದುಕೊಂಡು ಆರಾಮಾಗಿದ್ದ.

ಅವರ ಮನೆ ಹೊಳೆಯ ಈಚೆ ದಂಡೆಗೆ, ಹಂಪಿ ಆಚೆ ದಂಡೆಗೆ. ಮನೆಯಲ್ಲಿ ಮೂರು ಕೋಣೆ ಖಾಲಿ ಇದ್ದವು. ಹಂಪಿ ನೋಡಲು ಬಂದವರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ವರ್ಷ ವರ್ಷವೂ ತಪ್ಪದೆ ಬರುವವರು ಒಬ್ಬರಿದ್ದರು, ಫ್ರಾನ್ಸ್ ದೇಶದ ಟೀಚರಮ್ಮ, ಹೆಸರು ಓಡೀಲ್. ಊರವರ ಬಾಯಲ್ಲಿ ಓಡಿಲಮ್ಮ. ಬಂದು ಬಂದು ಕನ್ನಡ ಕಲಿತಿದ್ದರು. ಹುಲಿಗೆಮ್ಮನಿಗೆ ತಮ್ಮ ದೇಶದ ನಾಷ್ಟಾ ಕಲಿಸಿದ್ದರು. ಮೈದಾ, ಹಾಲು, ಮೊಟ್ಟೆ ಹಾಕಿ ತೆಳ್ಳಗೆ ಹುಯ್ಯುವ ಕ್ರೇಪು. ಅದು ನಮ್ಮ ದೋಸೆಗೆ ತಂಗಿ ಅನ್ನಿ. ಆಮೇಲೆ ಮೊಳದುದ್ದದ ಬ್ರೆಡ್ಡು, ಬೆಣ್ಣೆ, ಪೇರಲ ಹಣ್ಣಿನ ಜಾಮು, ಬಟ್ಟಲು ತುಂಬ ಹಾಲು ಹಾಕಿದ ಕಾಫಿ.

ಆ ಸಲ ಓಡಿಲಮ್ಮ ಬರುವ ಹಿಂದಿನ ದಿನವೇ ಹುಲಿಗೆಮ್ಮ ಬಚ್ಚಲಲ್ಲಿ ಜಾರಿ ಬಲಗೈ ಮುರಿದುಕೊಂಡಳು. ಕೈಗೆ ಪಟ್ಟಿ, ಕೊರಳಿಗೆ ಜೋಲಿ! ಮೇಲಾಗಿ ಐದನೇ ದಿನ ಓಡಿಲಮ್ಮನ ಗೆಳೆಯರು ನಾಲ್ಕು ಮಂದಿ ನಾಷ್ಟಾಕ್ಕೆ ಬರುವವರಿದ್ದರು. ರುಚಿ ಹಿಡಿಸಿತೋ, ಚಳಿಗಾಲ ಪೂರ್ತಿ ಇದೇ ಮನೆ. ಹಿಡಿಸಲಿಲ್ಲವೋ, ದೊಡ್ಡ ಹೋಟೆಲು.

"ಇನ್ನ ಒಲಿ ಮುಂದ ನೀನ ನಿಂದ್ರಬೇಕಪ್ಪ" ಅಂದಳು ಹುಲಿಗೆಮ್ಮ.

"ನಿಂದ್ರತೀನವ್ವ! ನೀ ಏನೂ ಕಾಳಜಿ ಮಾಡಬ್ಯಾಡ!" ಅಂದ ಗಾಳೆಪ್ಪ. ಹೋಗಿ ಒಲೆ ಮುಂದೆ ನಿಂತ. ನಿಂತೇ ನಿಂತ.

"ಸುಮ್ನ ನಿಂತ್ರ ಏನ್ ಬಂತೋ? ಪಾತ್ರ್ಯಾಗ ಮೈದಾ, ಹಾಲು, ಮೊಟ್ಟಿ ಇಟ್ಟೀನಿ. ಹಿಟ್ಟು ಕಲಿಸು!"

ಅಷ್ಟು ಹೇಳಿ ಆಕೆ ಓಡಿಲಮ್ಮನ ಕೋಣೆ ಗುಡಿಸಲು ಹೋದಳು. ಎಡಗೈಯಲ್ಲಿ ಗುಡಿಸಿ ಬರುವಷ್ಟರಲ್ಲಿ ಅಡುಗೆಮನೆಯಿಂದ ದನಿ ಕೇಳಿಸಿತು. "ಅನ್ನು, ಅ! ಅನ್ನು, ಆ! ಅನ್ನಲೇ!" ಒಳಗೆ ಬಂದು ನೋಡುತ್ತಾಳೆ: ಗಾಳೆಪ್ಪ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ. ಮುಂದೆ ಮೈದಾ ಪಾತ್ರೆ. ಕೈಯಲ್ಲಿ ಪಾಟಿ, ಬಳಪ.

"ಏನ್ ಮಾಡಾಕತ್ತೀಯೋ?"

"ಹಿಟ್ಟಿಗೆ ಕಲಿಸಾಕತ್ತೀನವ್ವ. ಭಾಳ ದಡ್ಡ ಹಿಟ್ಟು ಇದು! ಒಂದು ತಾಸಾತು, ಒಂದಕ್ಷರ ಬಾಯಿ ಬಿಡವಲ್ದು!"

ಹುಲಿಗೆಮ್ಮ ಎಡಗೈಯಿಂದಲೇ ಹಣೆ ಬಡಿದುಕೊಂಡಳು. "ಅಯ್ಯ ಮೂಳ! ಕಲಿಸೋದಂದ್ರ ಬಾಯಿಲೆ ಅಲ್ಲೋ, ಕೈಲೆ! ಕೈ ಹಾಕಬೇಕು, ಒಂದು ಗಂಟೂ ಉಳೀದಂಗ ಹಿಚುಕಬೇಕು!"

"ಇಷ್ಟೇನು? ತಿಳೀತವ್ವ! ನೀ ಏನೂ ಕಾಳಜಿ ಮಾಡಬ್ಯಾಡ!"

ಮರುದಿನ ಬ್ರೆಡ್ಡಿನ ಸರದಿ. ಬೇಕರಿಯವನು ಓಡಿಲಮ್ಮನಿಗಂತಲೇ ಸುಟ್ಟು ಕಳಿಸಿದ್ದ. ಮೊಳದುದ್ದ, ಮೇಲೆ ಗರಿಗರಿ, ಒಳಗೆ ಮೆತ್ತಗೆ, ಮನೆ ತುಂಬ ಘಮ! "ಇದನ್ನ ಚಂದಂಗ ಮಾಡಿ ಮೇಜಿನ ಮ್ಯಾಲೆ ಇಡು" ಅಂದಳು ಹುಲಿಗೆಮ್ಮ. ಗಾಳೆಪ್ಪ ಮೀಸೆ ತಿರುವಿದ. ಈಗ ಅವನಿಗೆ ಗೊತ್ತಿತ್ತಲ್ಲ! ಪರಾತದಲ್ಲಿ ಬ್ರೆಡ್ಡು ಹಾಕಿದ, ಎರಡೂ ಕೈ ಹಾಕಿದ, ಹಿಚುಕಿದ. ಉಸಿರು ಬಿಗಿಹಿಡಿದು ಹಿಚುಕಿದ. ಪರಾತವನ್ನು ಮೇಜಿನ ಮೇಲಿಟ್ಟು, "ತಗೋರಿ ಅಮ್ಮಾರ, ಹುಡುಕಿದ್ರೂ ಒಂದು ಗಂಟು ಸಿಗಂಗಿಲ್ಲ!" ಅಂದ.

ಓಡಿಲಮ್ಮ ಪರಾತ ನೋಡಿದರು. ಅವನ ಮುಖ ನೋಡಿದರು. ಪಾಪ, ದೊಡ್ಡ ಮನಸ್ಸು! ಪುಡಿಯನ್ನು ಕಾಫಿ ಬಟ್ಟಲಿಗೆ ಸುರಿದುಕೊಂಡು ಚಮಚದಲ್ಲಿ ತಿಂದರು.

"ಬ್ರೆಡ್ ಯಾರರ ಹಿಚುಕತಾರೇನೋ?" ಹುಲಿಗೆಮ್ಮ ಬಾಯಿ ಬಾಯಿ ಬಡಿದುಕೊಂಡಳು. "ಚಾಕು ತಗೋಬೇಕು, ಹೋಳು ಮಾಡಬೇಕು, ಬೆಣ್ಣಿ ಹಚ್ಚಬೇಕು!"

"ಹೋಳು ಮಾಡೋದು, ಬೆಣ್ಣಿ ಹಚ್ಚೋದು. ತಿಳೀತವ್ವ! ನೀ ಏನೂ ಕಾಳಜಿ ಮಾಡಬ್ಯಾಡ!"

ಮೂರನೇ ದಿನ ಹೋಳೇನೋ ಬಲು ಚಂದ ಮಾಡಿದ. ಎಲ್ಲಾ ಒಂದೇ ಅಳತೆ. ಹುಲಿಗೆಮ್ಮ ನೋಡಿ, ಮಗ ದಾರಿಗೆ ಬಂದ ಅಂದುಕೊಂಡಳು. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಸುಟ್ಟ ವಾಸನೆ! ಓಡಿ ಬಂದರೆ ಮೇಜಿನ ಮೇಲೆ ಬೆಣ್ಣೆ ಬಟ್ಟಲು, ಬಟ್ಟಲ ನಡುವೆ ಹತ್ತಿಯ ಬತ್ತಿ, ಬತ್ತಿಯ ತುದಿಗೆ ಗೇಣುದ್ದ ಉರಿ. ಓಡಿಲಮ್ಮ ಅದರ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ಕೂತಿದ್ದಾರೆ. ಇವತ್ತು ಏನೋ ಹಬ್ಬ ಇರಬೇಕು ಅಂತ ಅವರ ಎಣಿಕೆ.

"ಏನೋ ಇದು?"

"ಬೆಣ್ಣಿ ಹಚ್ಚೀನವ್ವ! ಸುಮ್ನ ಹತ್ತಲಿಲ್ಲ. ಆರು ಕಡ್ಡಿ ಗೀರಿದೆ. ಆಮ್ಯಾಲೆ ನಾನ ತಲಿ ಓಡಿಸಿ ಬತ್ತಿ ಹಾಕಿದೆ!"

"ನಿನ್ನ ತಲಿ ಸುಡ್ಲಿ! ಹಚ್ಚೋದಂದ್ರ ಬೆಂಕಿ ಹಚ್ಚೋದಲ್ಲೋ, ಸವರೋದು! ನುಣ್ಣಗ ಸವರಬೇಕು. ಈ ತುದಿಯಿಂದ ಆ ತುದಿ ತನಕ, ಎಲ್ಲೂ ಜಾಗ ಬಿಡದಂಗ!"

"ಸವರೋದು! ಮೊದಲ ಹಂಗನ್ನಬಾರದಿತ್ತೇನವ್ವ?"

ನಾಲ್ಕನೇ ದಿನ ಹುಲಿಗೆಮ್ಮನ ಕೈನೋವು ಜಾಸ್ತಿಯಾಗಿತ್ತು. ಹಾಸಿಗೆಯಲ್ಲೇ ಮಲಗಿ ಕೂಗಿ ಹೇಳಿದಳು: "ಗಾಳ್ಯಾ, ಅಮ್ಮಾರಿಗೆ ಜಾಮ್ ಸವರೋ!"

ಗಾಳೆಪ್ಪ ಜಾಮಿನ ಬಾಟಲಿ ಹಿಡಿದು ಹೋದ. ಓಡಿಲಮ್ಮ ಮೇಜಿನ ಮೇಲೆ ಕೈ ಚಾಚಿಕೊಂಡು ಪುಸ್ತಕ ಓದುತ್ತಿದ್ದರು. ಬೆರಳ ತುದಿಯಿಂದ ಶುರು ಮಾಡಿದ. ಮುಂಗೈ ಆಯಿತು, ಮೊಣಕೈ ಆಯಿತು. ನುಣ್ಣಗೆ ಸವರಿದ, ಎಲ್ಲೂ ಜಾಗ ಬಿಡದೆ ಸವರಿದ. ಅವರು ಒಮ್ಮೆ ಬೆಚ್ಚಿದರು. ಆಮೇಲೆ, ಬೇರಿನ ಔಷಧಿ ಇರಬೇಕು, ಕೀಲುನೋವಿಗೆ ಒಳ್ಳೇದೇ ಅಂತ ಇನ್ನೊಂದು ಕೈಯನ್ನೂ ಚಾಚಿದರು. ಕೆಂಪಿರುವೆ ಸಾಲು ಹಿಡಿದು ಬಂದ ಮೇಲೆಯೇ ಚಿಟ್ಟನೆ ಚೀರಿದ್ದು.

ಹುಲಿಗೆಮ್ಮ ಬಿಂದಿಗೆ ನೀರು ಸುರಿದು ಅವರ ಕೈ ತೊಳೆದಳು. ತೊಳೆಯುತ್ತಾ ಅತ್ತಳು. ನಾಳೆಯೇ ಗೆಳೆಯರು ಬರುವ ದಿನ!

"ಅವರ ಹತ್ತರ ಹೋಗಬ್ಯಾಡ! ಮುಟ್ಟಬ್ಯಾಡ! ನಾಳೆ ನಾಕ್ ಮಂದಿ ದೊಡ್ಡೋರು ಬರ್ತಾರ. ಏನ ಕೊಡೋದಿದ್ರೂ ದೂರ ನಿಂತು ಕೊಡು. ದೂರ! ತಿಳೀತೇನು?"

"ದೂರ! ತಿಳೀತವ್ವ! ನೀ ಏನೂ ಕಾಳಜಿ ಮಾಡಬ್ಯಾಡ!"

ಐದನೇ ದಿನ ಓಡಿಲಮ್ಮ, ನಾಲ್ಕು ಮಂದಿ ಗೆಳೆಯರು ಮೇಜಿನ ಸುತ್ತ ಕೂತರು. ಹುಲಿಗೆಮ್ಮ ಎಡಗೈಯಲ್ಲೇ ಹಿಟ್ಟು ಮಾಡಿಟ್ಟಿದ್ದಳು. ಗಾಳೆಪ್ಪ ಹಂಚಿಗೆ ಹುಯ್ದ, ತಿರುವಿದ, ಎಬ್ಬಿದ. ಕ್ರೇಪು ಎಂಥಾದ್ದು ಅಂತೀರಿ, ವೀಳ್ಯದೆಲೆಯಷ್ಟು ತೆಳ್ಳಗೆ! ಆಮೇಲೆ ಅಡುಗೆಮನೆ ಬಾಗಿಲಲ್ಲಿ ನಿಂತು ದೂರ ಅಳೆದ. ಸಾಲದು ಅನಿಸಿತು. ಎರಡು ಹೆಜ್ಜೆ ಹಿಂದೆ ಸರಿದ. ಬೀಸಿದ!

ಮೊದಲನೆಯದು ಒಬ್ಬ ಬೋಳುತಲೆಯವರ ತಲೆಗೆ ಟೊಪ್ಪಿಗೆಯಾಗಿ ಕೂತಿತು. ಹುಲಿಗೆಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಯಿತು, ಎಲ್ಲಾ ಮುಗಿಯಿತು! ಎರಡನೆಯದು ಸುಂಯ್ ಅಂತ ಹೋಗಿ ತಟ್ಟೆಯ ನಟ್ಟನಡುವೆ ಬಿತ್ತು. ಮೂರನೆಯದೂ ತಟ್ಟೆಗೆ. ನಾಲ್ಕನೆಯದೂ ತಟ್ಟೆಗೆ! ಅಷ್ಟರಲ್ಲಿ ಚಪ್ಪಾಳೆ ಕೇಳಿಸಿತು. ಹುಲಿಗೆಮ್ಮ ಸೆರಗು ಸರಿಸಿದಳು. ಐವರೂ ಎದ್ದು ನಿಂತು ನಗುತ್ತಿದ್ದಾರೆ, ಬೋಳುತಲೆಯವರು ಟೊಪ್ಪಿಗೆ ಹರಿದು ತಿನ್ನುತ್ತಿದ್ದಾರೆ!

"ನಮ್ಮ ಊರಿನಲ್ಲಿ ಕ್ರೇಪು ಮೇಲೆ ಹಾರಿಸ್ತಾರೆ, ಹಂಚಿನಲ್ಲೇ ಹಿಡೀತಾರೆ. ಇಷ್ಟು ದೂರ ಯಾರೂ ಎಸೆಯೋದಿಲ್ಲ ಹುಲಿಗೆಮ್ಮ!" ಅಂದರು ಓಡಿಲಮ್ಮ. "ಚಳಿಗಾಲ ಪೂರ್ತಿ ಎಲ್ಲರೂ ಇಲ್ಲೇ ಇರ್ತೇವೆ. ಈಗ ಇನ್ನೂ ಹಸಿವು ಇದೆ!"

ಹುಲಿಗೆಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗನ ಬೆನ್ನು ತಟ್ಟಿದಳು. ಇನ್ನೊಂದು ಪಾತ್ರೆ ಹಿಟ್ಟು ಮಾಡಿ ಹಿತ್ತಲ ಕಟ್ಟೆಯ ಮೇಲಿಟ್ಟಳು.

"ಇದನ್ನ ಒಂದು ತಾಸು ನೆನಸು. ಒಂದು ತಾಸಂದ್ರ ಒಂದು ತಾಸು! ನಡುವ ಎದ್ದು ಎಲ್ಲೂ ಹೋಗಬ್ಯಾಡ!"

"ನೆನಸತೀನವ್ವ! ನೀ ಏನೂ ಕಾಳಜಿ ಮಾಡಬ್ಯಾಡ!"

ಆಕೆ ಮಂದಿಗೆ ಕಾಫಿ ಕೊಡಲು ಹೋದಳು. ಅರ್ಧ ತಾಸಿನ ಮೇಲೆ ನೋಡೋಣ ಅಂತ ಹಿತ್ತಲಿಗೆ ಬಂದರೆ, ಬೀದಿನಾಯಿ ಪಾತ್ರೆಯೊಳಗೆ ಕುತ್ತಿಗೆತನಕ ತಲೆ ಹಾಕಿ ತಳ ನೆಕ್ಕುತ್ತಿದೆ. ಪಕ್ಕದಲ್ಲೇ ಗಾಳೆಪ್ಪ ಪದ್ಮಾಸನ ಹಾಕಿ, ಕಣ್ಣು ಮುಚ್ಚಿ ಕೂತಿದ್ದಾನೆ.

"ಗಾಳ್ಯಾ! ಹಿಟ್ಟು ನಾಯಿ ತಿಂದು ಹೋತಲ್ಲೋ! ನೀ ಏನ್ ಮಾಡಾಕತ್ತೀ?"

ಗಾಳೆಪ್ಪ ಕಣ್ಣು ಬಿಡಲಿಲ್ಲ. ಒಂದು ಕೈ ಎತ್ತಿ ತಡಿ ಅಂದ.

"ನೆನಸಾಕತ್ತೀನವ್ವ. ಇನ್ನೂ ಅರ್ಧ ತಾಸೈತಿ, ಮಾತಾಡಿಸಬ್ಯಾಡ. ಎಂಥಾ ಚೊಲೋ ಹಿಟ್ಟಿತ್ತು! ಈಗಷ್ಟ ಕಣ್ಣಾಗ ನೀರು ಬರಾಕತ್ತಾವು!"