ಭಾನುವಾರ ಸಂಜೆಯ ಆಂಟೆನಾ

ತಾರಸಿಯ ಮೇಲಿನ ಹಳೆಯ ಟಿವಿ ಆಂಟೆನಾದಲ್ಲಿ ಗೂಡು ಕಟ್ಟಲು ಮುದಿ ಕಾಗೆಯೊಂದು ಕಡ್ಡಿ ತಂದಿತು.

"ಏಳು ಕಾಗಮ್ಮ, ಏಳು!" ಆಂಟೆನಾ ಗದರಿತು. "ಭಾನುವಾರ ಸಂಜೆ ಗೊಂಬೆಗಳ ನಗೆನಾಟಕವಿದೆ. ನೀನು ಕೂತರೆ ಚಿತ್ರ ಅಲುಗಾಡುತ್ತದೆ."

ಕಾಗೆಗೆ ನಗು ಬಂತು. "ಯಾವ ಕಾಲದ ಮಾತಣ್ಣ ಇದು? ಆ ಗೊಂಬೆಗಳನ್ನು ನುಸಿ ತಿಂದು ಮುಗಿಸಿರಬೇಕು. ನಿನ್ನ ತಂತಿಯ ಮೇಲೆ ಲಂಗ ಒಣಗುತ್ತಿದೆ, ನೋಡು."

"ನೋಡಿದ್ದೇನೆ. ಆದರೆ ಅಂದು ಇಡೀ ಬೀದಿ ಒಂದೇ ಟಿವಿಯ ಮುಂದೆ ಕೂತು ನಗುತ್ತಿತ್ತು. ಉದ್ದ ಮೂಗಿನ ಗೊಂಬೆ ಟೋಪಿ ಬೀಳಿಸಿಕೊಳ್ಳುವ ಹೊತ್ತಿಗೇ ನೀನು ಬಂದು ಕೂರುತ್ತಿದ್ದೆ. ಯಜಮಾನರು ಓಡಿಬಂದು, ನಿನ್ನನ್ನು ಓಡಿಸಿ, ನನ್ನನ್ನು ತಿರುಗಿಸಿ, 'ಬಂತಾ?' ಎಂದು ಕೂಗುತ್ತಿದ್ದರು."

ಟೋಪಿಯ ವಿಷಯ ಕಾಗೆಗೆ ಗೊತ್ತಿರಲಿಲ್ಲ. ಯಜಮಾನರ ಕೋಲು ಮಾತ್ರ ಚೆನ್ನಾಗಿ ನೆನಪಿತ್ತು. "ಎಷ್ಟು ಬೈಯುತ್ತಿದ್ದರು ಪುಣ್ಯಾತ್ಮರು!" ಎಂದಿತು. "ಅವರು ತೀರಿಹೋದ ಮೇಲೆ ನನ್ನನ್ನು ಇಲ್ಲಿಂದ ಯಾರೂ ಓಡಿಸಿಯೇ ಇಲ್ಲ."

ಆಂಟೆನಾ ಮತ್ತೆ ಗದರಲಿಲ್ಲ. ಗೂಡು ಅಲ್ಲೇ ಎದ್ದಿತು.

ಆದರೆ ಭಾನುವಾರ ಸಂಜೆಯಾಯಿತೆಂದರೆ, ಯಾರೂ ಹೇಳದಿದ್ದರೂ ಕಾಗೆ ಎದ್ದುಹೋಗಿ ನೀರಿನ ಟ್ಯಾಂಕಿನ ಮೇಲೆ ಕೂರುತ್ತದೆ.

"ಬಂತಾ?" ಎಂದು ಅಲ್ಲಿಂದಲೇ ಕೂಗುತ್ತದೆ.

"ಬಂತು, ಬಂತು!" ಎನ್ನುತ್ತದೆ ಆಂಟೆನಾ. "ಸ್ವಲ್ಪ ಹೊತ್ತು ಅಲ್ಲೇ ಇರು."