ಗಂಜಿ ಇಳಿದ ದಾರಿ

ಕಪಿಲೆಯ ದಂಡೆಯ ಆಶ್ರಮದಲ್ಲಿ ದಿಕ್ಕಿಲ್ಲದ ರೋಗಿಗಳಿದ್ದರು. ಅವರ ಆರೈಕೆಯೆಲ್ಲ ಶಿಷ್ಯ ಕರಿಬಸವನದು. ಆ ಚಳಿಗಾಲ ಯಾರ ಹಾಸಿಗೆ ನೋಡಿದರೂ ಕೆಮ್ಮು, ಜ್ವರ. ಕಣ್ಣಿಗೆ ಕಣ್ಣು ಹತ್ತಿ ಎಷ್ಟು ದಿನವಾಯಿತೋ, ಅವನಿಗೇ ನೆನಪಿರಲಿಲ್ಲ.

ಲಕ್ವ ಹೊಡೆದು ಮುದುಕಿ ಚಿಕ್ಕತಾಯಮ್ಮನ ಬಲಗಡೆ ಬಿದ್ದುಹೋಗಿತ್ತು. ಎತ್ತಿ ಕೂರಿಸುವ ತ್ರಾಣ ಕರಿಬಸವನಿಗೆ ಇರಲಿಲ್ಲ. ಮಲಗಿದ್ದವಳ ಬಾಯಿಗೇ ಗಂಜಿ ಹೊಯ್ದ.

"ತಡಿ ಮಗಾ," ಎಂದು ಮುದುಕಿ ಕೆಮ್ಮಿದಳು.

"ಬೇಗ ನುಂಗಜ್ಜಿ. ಇನ್ನೂ ಎಲ್ಲರಿಗೂ ಕುಡಿಸಬೇಕು."

ಮಾರನೆಯ ದಿನ ಅವಳಿಗೆ ಜ್ವರ ಏರಿತು. ಉಸಿರಾಡಿದಾಗಲೆಲ್ಲ ಎದೆ ಗೊರಗೊರ ಎಂದಿತು.

ಹೊಳೆಗಾಳಿ ತಾಗಿದೆ ಎಂದುಕೊಂಡ ಕರಿಬಸವ. ಕಿಟಕಿ ಮುಚ್ಚಿದ. ಎದೆಗೆ ನೀಲಗಿರಿ ಎಣ್ಣೆ ತಿಕ್ಕಿದ.

ಅಷ್ಟರಲ್ಲಿ ಗುರು ನಿರ್ವಾಣಯ್ಯನವರು ಬಂದರು. ಮುದುಕಿಯ ನೀಲಿಗಟ್ಟಿದ ತುಟಿ ನೋಡಿದರು. ಕೂಡಲೇ ಆಟೋ ತರಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇ ನೋಡಿ, "ನ್ಯುಮೋನಿಯಾ," ಎಂದರು.

"ಚಳಿಗೆ ಬಂತಾ ಡಾಕ್ಟರೇ?" ಕೇಳಿದ ಕರಿಬಸವ.

"ಬರೀ ಚಳಿಗೆ ಬರಲ್ಲ. ಬ್ಯಾಕ್ಟೀರಿಯಾದಿಂದ ಬರುತ್ತೆ, ವೈರಸ್ಸಿಂದ ಬರುತ್ತೆ. ಈಯಮ್ಮಂಗೆ ತಿಂದದ್ದು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದಿದೆ. ಮಲಗಿಸಿಕೊಂಡೇ ತಿನ್ನಿಸಿದ್ರಾ?"

"ಹೌದು," ಎಂದ ಕರಿಬಸವ.

ಆಕ್ಸಿಜನ್ ಹಾಕಿದರು. ಡ್ರಿಪ್ಪಿನಲ್ಲಿ ಆಂಟಿಬಯಾಟಿಕ್ ಇಳಿಯಿತು. ಉಳಿಯುತ್ತಾಳೋ ಇಲ್ಲವೋ ಎಂದು ಡಾಕ್ಟರೂ ಹೇಳದ ದಿನಗಳು ಕಳೆದವು. ಆಮೇಲೆ ಜ್ವರ ಬಿಟ್ಟಿತು. ಮುದುಕಿ ಆಶ್ರಮಕ್ಕೆ ಮರಳಿದಳು, ಇನ್ನಷ್ಟು ಸೊರಗಿ.

ಅಂದು ಗಂಜಿ ಬಟ್ಟಲನ್ನು ಗುರುಗಳೇ ತೆಗೆದುಕೊಂಡರು. ಅವಳ ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಿದರು. ಒಂದು ಚಮಚ ಬಾಯಿಗಿಟ್ಟರು. ಗಂಟಲು ಆಡುವವರೆಗೆ ಕಾದರು. ಮತ್ತೊಂದು ಚಮಚ.

ಗಂಜಿ ಆರಿ ತಣ್ಣಗಾಯಿತು. ಗುರುಗಳು ಅವಸರ ಮಾಡಲಿಲ್ಲ.

ನೋಡುತ್ತ ನಿಂತಿದ್ದ ಕರಿಬಸವ ಮುಂದೆ ಬಂದ. ಬಗ್ಗಿ ಗುರುಗಳ ಪಾದ ಹಿಡಿದ.

"ಬುದ್ಧೀ, ತಪ್ಪು ನನ್ನದು. ಅಜ್ಜಿಯ ಜೀವ ಹೋಗುತ್ತಿತ್ತು. ಶಿಕ್ಷೆ ಕೊಡಿ. ಉಪವಾಸ ಮಾಡಲಾ? ಮೌನ ಹಿಡಿಯಲಾ?"

"ಇಷ್ಟು ಜನರನ್ನು ಒಬ್ಬನ ಹೆಗಲಿಗೆ ಹೊರಿಸಿದವನು ನಾನು. ನನಗೆ ಶಿಕ್ಷೆ ಕೊಡುವವರು ಯಾರು?"



ಗುರುಗಳು ಎದ್ದು ಮೂಲೆಯಲ್ಲಿದ್ದ ಚಾಪೆ ತಂದು ಹಾಸಿದರು. "ಮಲಗು."

"ಇದು ಶಿಕ್ಷೆಯೇ ಬುದ್ಧೀ?"

"ಮದ್ದು."

"ನಾನು ಮಲಗಿಬಿಟ್ಟರೆ ಇವರನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ?"

ಗುರುಗಳು ಅವನಿಗೆ ಕಂಬಳಿ ಹೊದಿಸಿದರು.

"ನಿದ್ದೆಗೆಟ್ಟು ನೀನು ಎದ್ದಿದ್ದಾಗ ಯಾರು ನೋಡಿಕೊಳ್ಳುತ್ತಿದ್ದರು?"