ಎರಡನೆಯ ದೋಣಿಯ ಗುಣ

"ಗುರುಗಳೇ, ಎರಡು ವಸ್ತುಗಳು ಒಂದೇ ಥರ ಕಂಡಾಗ ಯಾರನ್ನು ಕೇಳಿ ಆರಿಸಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಡಲ ದಂಡೆಯಲ್ಲಿ ಒಬ್ಬ ಮೀನುಗಾರನಿದ್ದ. ಅವನ ಹೆಂಡತಿ ಬುಟ್ಟಿ ಹೊತ್ತು ಸಂತೆಗೆ ಹೋದರೆ ಮೀನು ಮಾರುವಳು, ಜೊತೆಗೆ ಊರವರ ಮಾನವನ್ನೂ ಮಾರಿ ಬರುವಳು. ಆದರೆ ಗಂಡನೆಂದರೆ ಪ್ರಾಣ. ಅವನು ದಡ ಸೇರುವವರೆಗೆ ಅವಳ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಊರಿನಲ್ಲಿ ಎರಡು ಹಳೆಯ ಮೋಟಾರು ದೋಣಿಗಳು ಮಾರಾಟಕ್ಕೆ ಬಂದವು. ಕಟ್ಟಿದ ಬಡಗಿ ಒಬ್ಬನೇ, ಎಂಜಿನ್ನೂ ಒಂದೇ ತರಹದ್ದು, ಬೆಲೆಯೂ ಒಂದೇ. ಮಾರುವವರು ಅವುಗಳ ಯಜಮಾನರ ಹೆಂಡತಿಯರು. ಮೊದಲನೆಯ ದೋಣಿಯಲ್ಲಿ ಯಜಮಾನ ಎದೆ ಹಿಡಿದುಕೊಂಡು ಸತ್ತಿದ್ದ. ಅವನ ಹೆಣ ಅದರಲ್ಲೇ ದಡಕ್ಕೆ ಬಂದಿತ್ತು. ಎರಡನೆಯದು ಒಂದು ದಿನ ಬರಿದಾಗಿ ತೇಲಿ ಬಂದಿತ್ತು. ಅದರ ಯಜಮಾನ ಪಕ್ಕದೂರಿನ ಯಾವಳನ್ನೋ ಕಟ್ಟಿಕೊಂಡು ಓಡಿಹೋದನೆಂದು ಊರೆಲ್ಲ ಆಡಿಕೊಂಡಿತು. ಆ ಮಾತಿಗೆ ಉಪ್ಪುಖಾರ ಹಚ್ಚಿದವಳು ಈ ಮೀನುಗಾರನ ಹೆಂಡತಿಯೇ. ಓಡಿಹೋದವಳು ಉಟ್ಟಿದ್ದ ಸೀರೆಯ ಬಣ್ಣವನ್ನೂ ಕಣ್ಣಾರೆ ಕಂಡವಳಂತೆ ಹೇಳಿದ್ದಳು.

"ಹೆಣ ಹೊತ್ತ ದೋಣಿ ನಮಗೆ ಬೇಡ ಮಾರಾಯ್ರೆ," ಎಂದಳು ಗಂಡನಿಗೆ. "ಯಜಮಾನ ಓಡಿಹೋದರೆ ದೋಣಿಗೇನು ಮೈಲಿಗೆ?"

ಎರಡನೆಯದೇ ನಿಶ್ಚಯವಾಯಿತು. ಹಳೆಯ ದೋಣಿ ಕೊಡುವವರು, ಕಾಯಿ ಒಡೆಯುವ ಮುಂಚೆ ಅದರ ಗುಣ ಹೇಳಿ ಒಪ್ಪಿಸುವುದು ಆ ಕಡೆಯ ವಾಡಿಕೆ. ಗಂಡ ತೆಂಗಿನಕಾಯಿ ತರಲು ಹೋಗಿದ್ದ. ಮಾರುವ ಹೆಂಗಸು ದೋಣಿಯ ಅಂಚಿನ ಮೇಲೆ ಕೈಯಿಟ್ಟಳು.

"ಅಕ್ಕಾ, ಅವರು ಓಡಿಹೋಗಲಿಲ್ಲ. ಈ ಎಂಜಿನ್ನಿನ ಹಗ್ಗ ಎಳೆಯುವಾಗ..."

"ಗೊತ್ತು ಬಿಡೇ!" ಇವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. "ನೀನು ಹಗ್ಗ ಬಿಗಿಯಾಗಿ ಹಿಡಿದಿದ್ದರೆ ಅವನ್ಯಾಕೆ ಓಡುತ್ತಿದ್ದ?"

ಸುತ್ತ ನಿಂತವರೂ ನಕ್ಕರು. ಆ ಹೆಂಗಸು ತಲೆ ತಗ್ಗಿಸಿದಳು. ಗಂಡ ಬಂದು ಕಾಯಿ ಒಡೆದ.

ಎಂಟನೆಯ ದಿನ ದೋಣಿ ಬರಿದಾಗಿ ತೇಲಿ ಬಂತು. ಬಲೆ ಇತ್ತು, ಅವಳು ಕಟ್ಟಿಕೊಟ್ಟ ಬುತ್ತಿ ಇತ್ತು, ಅವನಿರಲಿಲ್ಲ. ಹೆಣವೂ ಸಿಗಲಿಲ್ಲ. ಹೆಣ ಹೊತ್ತ ದೋಣಿ ಇನ್ನೊಬ್ಬನ ಕೈಯಲ್ಲಿ ದಿನಾ ಮೀನು ಹೊತ್ತು ಬರುತ್ತಿತ್ತು. ವಾರ ಕಳೆಯುವಷ್ಟರಲ್ಲಿ ಸಂತೆಯ ಹೆಂಗಸರು, ಈ ಸಲದವಳು ಯಾವೂರಿನವಳೆಂದು ಕೇಳತೊಡಗಿದರು. ಸೀರೆಯ ಬಣ್ಣವೂ ಗೊತ್ತಾಯಿತು.

ಅವಳ ಜಗಲಿಗೆ ಬಂದು ಪಕ್ಕದಲ್ಲಿ ಕೂತವಳು ಒಬ್ಬಳೇ, ದೋಣಿ ಮಾರಿದವಳು. ಇವಳು ಕೇಳಿದಳು: "ಅವತ್ತು ಏನೋ ಹೇಳಹೊರಟಿದ್ದೆಯಲ್ಲ ತಂಗಿ, ಏನದು?"

"ಎಂಜಿನ್ ಶುರು ಮಾಡಲು ಹಗ್ಗ ಎಳೆದ ಕೂಡಲೇ ದೋಣಿ ಎಡಕ್ಕೆ ಜಿಗಿಯುತ್ತದೆ ಅಕ್ಕಾ. ನಮ್ಮವರು ಎರಡು ಸಲ ಬಿದ್ದು, ಹೇಗೋ ಈಜಿ ಹತ್ತಿದ್ದರು. ನಿಂತು ಎಳೆಯಬಾರದು, ಕೂತು ಎಳೆಯಬೇಕು. ಅಷ್ಟೇ."

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ ಅವಳು ಯಾರನ್ನು ಕೇಳಬೇಕಿತ್ತು?" ಎಂದ ಶಿಷ್ಯ.

"ಹೇಳುವವಳು ಎದುರಿಗೇ ನಿಂತಿದ್ದಳು ಮಗು, ಅವಳು ಬಾಯಿ ತೆರೆದಾಗ ಇವಳಿಗೆ ನಗು ಬಂದಿತ್ತು."